ಒತ್ತಕ್ಷರ ಕಾಣುವ ಮಾನಿಟರ್: ಮನೆಯ ಲ್ಯಾಪ್‌ಟಾಪಿಗೆ ದೊಡ್ಡ ಪರದೆ ಜೋಡಿಸಿದ ದಾಖಲೆ

ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಿಂದಲೇ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಶಾಲೆಗಳ ಸ್ಮರಣ ಸಂಚಿಕೆ, ಮಠದ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆ, ಆಗಾಗ ಒಂದು ಕವನ ಸಂಕಲನ. ಇಷ್ಟೂ ಕೆಲಸ 15.6 ಇಂಚಿನ ಲ್ಯಾಪ್‌ಟಾಪಿನಲ್ಲೇ ನಡೆಯುತ್ತಿತ್ತು. ಆ ಪರದೆಯ ಎತ್ತರ 19.4 ಸೆಂಟಿಮೀಟರ್. ಎ4 ಹಾಳೆಯ ಎತ್ತರ 29.7. ಮೇಲಿನ ಮೆನು, ಕೆಳಗಿನ ಪಟ್ಟಿ ಕಳೆದರೆ ಅರ್ಧ ಪುಟಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ, ಅಷ್ಟೇ. ಇಡೀ ದಿನ ಪುಟವನ್ನು ಮೇಲೆ ಕೆಳಗೆ ಎಳೆಯುವುದು, ಕತ್ತು ಬಗ್ಗಿಸಿ ಕೂರುವುದು.

ಈಗ ಮಾನಿಟರ್ ಬಂದಿದೆ, ಕೆಲಸಕ್ಕೆ ಹೊಂದಿಕೊಂಡಿದೆ. ಅಳತೆ, ಖರ್ಚು, ಕೈಕೊಟ್ಟ ಪ್ರಯತ್ನ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ ಸಲಹೆ ಹೆಚ್ಚಾಗಿ ಗೇಮ್ ಆಡುವವರಿಗೆ, ಸಿನಿಮಾ ನೋಡುವವರಿಗೆ. ಕನ್ನಡದಲ್ಲಿ ಪುಟ ಕಟ್ಟುವವರಿಗೆ, ಕರಡು ತಿದ್ದುವವರಿಗೆ ಯಾವ ಪರದೆ ಬೇಕು ಅನ್ನೋದು ಅಲ್ಲಿ ಸಿಗಲಿಲ್ಲ.

1. ಮೊದಲು ಟೇಪು ಹಿಡಿದದ್ದು

ಕಂಪನಿ, ಬೆಲೆ ಯಾವುದನ್ನೂ ನೋಡುವ ಮೊದಲು ಮೇಜು ಅಳೆದೆ. ಪ್ಲೈವುಡ್ ಮೇಜು, 4 ಅಡಿ ಉದ್ದ, 2 ಅಡಿ ಅಗಲ. ಅಂದರೆ ಗೋಡೆಯಿಂದ ನನ್ನ ಕಡೆಯ ಅಂಚಿಗೆ 60 ಸೆಂಟಿಮೀಟರ್. ಮಾನಿಟರಿನ ಕಾಲು ಹಿಂದೆ ಒಂದಿಷ್ಟು ಜಾಗ ತಿನ್ನುತ್ತದೆ. ನಾನು ಕುರ್ಚಿ ಸ್ವಲ್ಪ ಹಿಂದೆ ಸರಿಸಿ ಕೂರುವುದರಿಂದ ಕಣ್ಣಿಗೂ ಪರದೆಗೂ 65 ಸೆಂಟಿಮೀಟರ್ ಆಸುಪಾಸು ಸಿಗುತ್ತದೆ. ನೆಟ್ಟಗೆ ಕೂತಾಗ ನನ್ನ ಕಣ್ಣು ಮೇಜಿನಿಂದ 45 ಸೆಂಟಿಮೀಟರ್ ಮೇಲಿರುತ್ತದೆ. ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಂಡೆ.

ಆಮೇಲೆ ಹಳೇ ಜನತಾವಾಣಿ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಎರಡು ಚೌಕ ಕತ್ತರಿಸಿದೆ. ಒಂದು 52.7 × 29.6 ಸೆಂಟಿಮೀಟರ್. ಅಂಗಡಿಯಲ್ಲಿ 24 ಇಂಚು ಅನ್ನುವ ಮಾನಿಟರು ಬಹುಪಾಲು 23.8 ಇಂಚು ಇರುತ್ತದೆ, ಅದರ ಅಳತೆ ಇದು. ಇನ್ನೊಂದು 59.8 × 33.6 ಸೆಂಟಿಮೀಟರ್. ಇದು 27 ಇಂಚಿನದು. ಎರಡನ್ನೂ ಮೇಜಿನ ಹಿಂದಿನ ಗೋಡೆಗೆ ಅಂಟಿಸಿ, ಅದರ ಮೇಲೆ ಎರಡು ಎ4 ಹಾಳೆ ಪಕ್ಕಪಕ್ಕ ಇಟ್ಟೆ. ಪುಸ್ತಕದ ಎಡಪುಟ, ಬಲಪುಟ ಒಟ್ಟಿಗೆ ನೋಡಬೇಕಲ್ವಾ, ಅದಕ್ಕೆ.

ಇಲ್ಲೇ ಅರ್ಧ ತೀರ್ಮಾನ ಆಯಿತು. ಚಿಕ್ಕ ಚೌಕದ ಎತ್ತರ 29.6, ಹಾಳೆಯ ಎತ್ತರ 29.7. ಅಗಲಕ್ಕೆ ತೊಂದರೆ ಇಲ್ಲ, ಆದರೆ ಎತ್ತರದಲ್ಲಿ ಮೆನುವಿಗೆ ಒಂದು ಗೆರೆಯಷ್ಟೂ ಜಾಗ ಉಳಿಯುವುದಿಲ್ಲ. ದೊಡ್ಡ ಚೌಕದಲ್ಲಿ ಎತ್ತರಕ್ಕೆ ಸುಮಾರು 4 ಸೆಂಟಿಮೀಟರ್, ಅಗಲಕ್ಕೆ 18 ಸೆಂಟಿಮೀಟರ್ ಉಳಿಯಿತು. ಮೆನು ಮೇಲೆ, ಬಣ್ಣ ಮತ್ತು ಸ್ಟೈಲ್ ಪಟ್ಟಿಗಳು ಪಕ್ಕದಲ್ಲಿ ಸರಿಯಾಗಿ ಕೂರುತ್ತವೆ. ಬರೀ ಲೆಕ್ಕಪತ್ರ, ಈಮೇಲ್ ಕೆಲಸದವರಾದರೆ 24 ಇಂಚು ಧಾರಾಳ ಸಾಕು. ಎರಡು ಪುಟ ನಿಜವಾದ ಅಳತೆಯಲ್ಲಿ ಬೇಕು ಅನ್ನುವವರಿಗೆ ಸಾಲದು.

2. ಲ್ಯಾಪ್‌ಟಾಪಿನ ಪೋರ್ಟು

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಚ್‌ಡಿಎಂಐ, ಒಂದು ಟೈಪ್-ಸಿ ಇದೆ. ಒಂದೇ ಟೈಪ್-ಸಿ ಕೇಬಲ್ಲಿನಲ್ಲಿ ಚಿತ್ರವೂ ಹೋಗಿ ಚಾರ್ಜೂ ಆಗುವ ಮಾನಿಟರ್ ತಗೊಂಡರೆ ಮೇಜು ಚೊಕ್ಕ ಅಂತ ಆಸೆ ಇತ್ತು. ಆದರೆ ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಚಿತ್ರ ಹೋಗುವುದಿಲ್ಲ. ಆ ಪೋರ್ಟಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದರೆ ಟೈಪ್-ಸಿಯಲ್ಲೇ ಚಿತ್ರ ಕಳಿಸುವ ಸೌಲಭ್ಯ ಇರಬೇಕು. ಇದ್ದರೆ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಗುರುತು ಅಥವಾ ಥಂಡರ್‌ಬೋಲ್ಟಿನ ಮಿಂಚಿನ ಗುರುತು ಹಾಕಿರುವುದುಂಟು. ಗುರುತು ಇಲ್ಲದಿದ್ದರೆ ಲ್ಯಾಪ್‌ಟಾಪ್ ತಿರುಗಿಸಿ, ಹಿಂದಿನ ಚೀಟಿಯ ಮಾಡೆಲ್ ನಂಬರ್ ಹಾಕಿ ಕಂಪನಿಯ ಪುಟದಲ್ಲಿ ನೋಡಬೇಕು. ನೋಡಿದೆ. ನನ್ನದು ಡೇಟಾಗೆ ಮಾತ್ರ. ಆಸೆ ಅಲ್ಲಿಗೆ ಕೈಬಿಟ್ಟೆ.

ಇನ್ನೊಂದು ವಿಷಯ: ಫೋನ್ ಜೊತೆ ಬರುವ ಟೈಪ್-ಸಿ ಕೇಬಲ್ಲುಗಳಲ್ಲಿ ಬಹಳಷ್ಟು ಚಾರ್ಜಿಗೆ ಮತ್ತು ನಿಧಾನದ ಡೇಟಾಗೆ ಮಾತ್ರ. ಪೋರ್ಟು ಸರಿ ಇದ್ದರೂ ಅಂಥ ಕೇಬಲ್ ಹಾಕಿದರೆ ಪರದೆ ಕಪ್ಪಾಗೇ ಇರುತ್ತದೆ. ಎರಡನ್ನೂ ನೋಡಿಕೊಳ್ಳಬೇಕು.

ಎಚ್‌ಡಿಎಂಐ ಯಾವ ಪೀಳಿಗೆಯದು ಅಂತ ನೋಡಿದರೆ ಕಂಪನಿಯ ಪುಟದಲ್ಲಿ 1.4 ಅಂತಿತ್ತು. ಅದರಲ್ಲಿ 4ಕೆ (3840 × 2160 ಚುಕ್ಕೆ, ಅಂದರೆ ಪಿಕ್ಸೆಲ್ ಇರುವ) ಪರದೆಗೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಹೋಗುತ್ತದೆ. 60 ಸಲ ಬೇಕಾದರೆ 2.0 ಇರಬೇಕು. ಇದನ್ನು ಮುಂದೆ ಅಂಗಡಿಯಲ್ಲಿ ಕಣ್ಣಾರೆ ನೋಡಿದೆ.

3. ಮನೆಯ ಟಿವಿ: ಆಗಲಿಲ್ಲ

"ಟಿವಿ ಐತಲ್ರಿ, ಅದಕ್ಕೆ ಹಾಕಿ ನೋಡ್ರಿ, ಸುಮ್ನೆ ದುಡ್ಡು ಯಾಕೆ" ಅಂತ ಮನೆಯಲ್ಲಿ ಹೇಳಿದರು. ನ್ಯಾಯವಾದ ಮಾತು. ನಮ್ಮದು 32 ಇಂಚಿನ ಎಚ್‌ಡಿ ರೆಡಿ ಟಿವಿ, 1366 × 768. ಹಾಕಿದ ಕೂಡಲೇ ನಾಲ್ಕೂ ಅಂಚು ಕತ್ತರಿಸಿಹೋಗಿ ಕೆಳಗಿನ ಪಟ್ಟಿ ಮಾಯ. ಟಿವಿಯ ಮೆನುವಿನಲ್ಲಿ ಚಿತ್ರದ ಅಳತೆಯನ್ನು ಜಸ್ಟ್ ಸ್ಕ್ಯಾನ್‌ಗೆ ಬದಲಿಸಿದ ಮೇಲೆ ಅಂಚು ಬಂತು. ಆದರೆ ಅಕ್ಷರ ಬರಲಿಲ್ಲ. ಒಂದು ಇಂಚಿನಲ್ಲಿ 49 ಚುಕ್ಕೆ ಮಾತ್ರ ಇರುವ ಪರದೆ ಅದು. ಎದುರು ಗೋಡೆಯ ಬದಿಯಿಂದ ಧಾರಾವಾಹಿ ನೋಡಲು ಚೆನ್ನಾಗಿದೆ. ಎರಡಡಿ ದೂರದಲ್ಲಿ ಒತ್ತಕ್ಷರ ಬರೀ ಮಸಿ.

4. ಪಕ್ಕದ ಮನೆಯ 27 ಇಂಚು: ಇದೂ ಆಗಲಿಲ್ಲ

ಪಕ್ಕದ ಮನೆ ಹುಡುಗ ಎಂಜಿನಿಯರಿಂಗ್ ಓದುತ್ತಾನೆ. ಅವನ ಹತ್ತಿರ 27 ಇಂಚಿನ ಬಾಗಿದ ಗೇಮಿಂಗ್ ಮಾನಿಟರ್ ಇದೆ. 1920 × 1080, ವಿಎ ಅನ್ನುವ ಬಗೆಯ ಪ್ಯಾನೆಲ್. "ಅಂಕಲ್, ರಜಾದಲ್ಲಿ ಊರಿಗೆ ಹೋಗ್ತೀನಿ, ಅಲ್ಲಿ ತನಕ ಇಟ್ಕೊಳ್ರಿ" ಅಂತ ಕೊಟ್ಟ. ಈ ಪ್ರಯೋಗ ನನಗೆ ಬಹಳ ಕಲಿಸಿತು.

ಗಾತ್ರ ಸರಿಯಾಗಿತ್ತು. ಎರಡು ಪುಟ ಕೂತವು. ಕಪ್ಪು ಬಣ್ಣ ತುಂಬ ಚೆನ್ನಾಗಿತ್ತು, ವಿಎ ಪ್ಯಾನೆಲ್ಲಿನ ಗುಣ ಅದು. ಆದರೆ ಎರಡು ತೊಂದರೆ. ಪುಟಕ್ಕೆ ಹಾಕಿದ ನೇರ ಗೆರೆ, ಬಾರ್ಡರು ಬಾಗಿದಂತೆ ಕಾಣುತ್ತಿತ್ತು. ಲಗ್ನಪತ್ರಿಕೆಯ ಚೌಕಟ್ಟು ನೇರ ಇದೆಯೋ ಇಲ್ಲವೋ ಅಂತ ಪ್ರತಿ ಸಲ ಅನುಮಾನ. ಪುಟ ಕಟ್ಟುವವರಿಗೆ ಬಾಗಿದ ಪರದೆ ಬೇಡವೇ ಬೇಡ.

ಎರಡನೆಯದು ಅಕ್ಷರ. ಒಂದು ಆಹ್ವಾನ ಪತ್ರಿಕೆಯಲ್ಲಿ "ಮಠ" ಅಂತ ಇದ್ದದ್ದು, ಪುಟ ಪೂರ್ತಿ ಕಾಣುವ ಅಳತೆಯಲ್ಲಿ "ಮರ" ಅಂತ ಓದಿಸಿಕೊಂಡಿತು. ಠ ಒಳಗಿನ ಚುಕ್ಕೆ ತುಂಬಿಹೋಗಿತ್ತು. ಧ, ದ ಎರಡೂ ಒಂದೇ ಥರ. ಇಂಗ್ಲಿಷ್ ಸಾಲುಗಳು ಅದೇ ಪರದೆಯಲ್ಲಿ ಪರವಾಗಿಲ್ಲ ಅನ್ನುವಂತಿದ್ದವು. ನಮ್ಮ ಲಿಪಿಯಲ್ಲಿ ಮುಖ್ಯ ಅಕ್ಷರ, ಅದರ ಕೆಳಗೆ ಒತ್ತು, ಕೆಲವು ಕಡೆ ಒತ್ತಿನ ಕೆಳಗೆ ಇನ್ನೊಂದು ಒತ್ತು, ಪಕ್ಕದಲ್ಲಿ ಅರ್ಕಾವತ್ತು, ಎಲ್ಲವೂ ಒಂದೇ ಸಾಲಿನ ಎತ್ತರದಲ್ಲಿ ಕೂರಬೇಕು. ಅದಕ್ಕೆ ಚುಕ್ಕೆ ಜಾಸ್ತಿ ಬೇಕು.

5. ಚುಕ್ಕೆಗಳ ಲೆಕ್ಕ

12 ಪಾಯಿಂಟ್ ಅಂದರೆ ಇಂಚಿನ ಆರನೇ ಒಂದು ಭಾಗ. ಹಾಗಾಗಿ ಒಂದು ಇಂಚಿಗೆ ಎಷ್ಟು ಚುಕ್ಕೆ ಅಂತ ಗೊತ್ತಾದರೆ ಆರರಿಂದ ಭಾಗಿಸಿದರೆ ಆಯಿತು. ಅಷ್ಟು ಚುಕ್ಕೆಗಳ ಎತ್ತರದಲ್ಲಿ ಅಕ್ಷರ, ಒತ್ತು ಎಲ್ಲ ಮುಗಿಯಬೇಕು. ನನ್ನ ನೋಟ್‌ಬುಕ್ಕಿನಿಂದ:

32 ಇಂಚು ಟಿವಿ, 1366 × 768: ಇಂಚಿಗೆ 49, ಅಕ್ಷರಕ್ಕೆ 8
27 ಇಂಚು, 1920 × 1080: ಇಂಚಿಗೆ 82, ಅಕ್ಷರಕ್ಕೆ 13 ಚಿಲ್ಲರೆ
24 ಇಂಚು, 1920 × 1080: ಇಂಚಿಗೆ 92, ಅಕ್ಷರಕ್ಕೆ 15
27 ಇಂಚು, 2560 × 1440: ಇಂಚಿಗೆ 109, ಅಕ್ಷರಕ್ಕೆ 18
24 ಇಂಚು, 2560 × 1440: ಇಂಚಿಗೆ 122, ಅಕ್ಷರಕ್ಕೆ 20
ನನ್ನ ಲ್ಯಾಪ್‌ಟಾಪ್, 15.6 ಇಂಚು, 1920 × 1080: ಇಂಚಿಗೆ 141, ಅಕ್ಷರಕ್ಕೆ 23
27 ಇಂಚು 4ಕೆ, 3840 × 2160: ಇಂಚಿಗೆ 163, ಅಕ್ಷರಕ್ಕೆ 27

ಇಂಚಿನ ಚುಕ್ಕೆ ತೆಗೆಯುವುದು ಸುಲಭ. ಅಡ್ಡ ಚುಕ್ಕೆಗಳ ವರ್ಗಕ್ಕೆ ಉದ್ದ ಚುಕ್ಕೆಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಪರದೆಯ ಇಂಚಿನಿಂದ ಭಾಗಿಸುವುದು. ಫೋನಿನ ಕ್ಯಾಲ್ಕುಲೇಟರಿನಲ್ಲಿ ಆಗುತ್ತದೆ.

ಈ ಪಟ್ಟಿ ನೋಡಿದರೆ 27 ಇಂಚಿನ 4ಕೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ನನ್ನ ಪೋರ್ಟು 1.4. ಉಳಿದದ್ದು 27 ಇಂಚಿನ 2560 × 1440. ಅಂಗಡಿಯವರು ಇದನ್ನು ಕ್ಯೂಎಚ್‌ಡಿ ಅಥವಾ 2ಕೆ ಅನ್ನುತ್ತಾರೆ. ಇದು ನನ್ನ ಎಚ್‌ಡಿಎಂಐನಲ್ಲಿ 60 ಸಲ ಹೋಗುತ್ತದೆ. ಅಕ್ಷರ ಲ್ಯಾಪ್‌ಟಾಪಿನಷ್ಟು ಚೂಪಾಗಿ ಬರುವುದಿಲ್ಲ ಅಂತ ತಗೊಳ್ಳುವ ಮೊದಲೇ ಲೆಕ್ಕ ಹೇಳಿತ್ತು.

6. ಪೆನ್‌ಡ್ರೈವಿನಲ್ಲಿ ಒಂದು ಪುಟ

ಅಂಗಡಿಯಲ್ಲಿ ಮಾನಿಟರ್ ತೋರಿಸುವಾಗ ಸಮುದ್ರ, ಹೂವು, ಕಾರಿನ ವಿಡಿಯೊ ಹಾಕಿರುತ್ತಾರೆ. ಅದರಲ್ಲಿ ಎಲ್ಲವೂ ಚೆಂದ. ನಾನು ಒಂದು ಎ4 ಪುಟದ ಪಿಡಿಎಫ್ ಮಾಡಿಕೊಂಡೆ. 14, 12, 10, 9 ಪಾಯಿಂಟಿನಲ್ಲಿ ಅದೇ ಸಾಲುಗಳು:

ಮಠ ಮರ, ಧನ ದನ, ಭಾವಿ ಬಾವಿ, ಫಲ ಪಲ, ವಿಷ ವಿಪ
ರಾಷ್ಟ್ರ, ಶಾಸ್ತ್ರ, ಸ್ವಾತಂತ್ರ್ಯ, ವೈಶಿಷ್ಟ್ಯ, ಲಕ್ಷ್ಮೀ, ಅರ್ಘ್ಯ, ವರ್ಷ

ಎರಡನೇ ಸಾಲಿನ ಒತ್ತುಗಳು ಬಿಡಿಬಿಡಿಯಾಗಿ ಕಾಣಬೇಕು, ಮೊದಲ ಸಾಲಿನ ಜೋಡಿಗಳು ಬೇರೆ ಬೇರೆ ಅಂತ ಒಂದೇ ನೋಟಕ್ಕೆ ತಿಳಿಯಬೇಕು. ಕೆಳಗೆ ಒಂದು ತೆಳು ಗೆರೆಯ ಚೌಕಟ್ಟು, ಬೂದು ಬಣ್ಣದ ಕೆಲವು ಪಟ್ಟಿಗಳು. ಜೊತೆಗೆ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳು, ಸತ್ತ ಚುಕ್ಕೆ ಇದೆಯಾ ನೋಡಲು.

ಹದಡಿ ರಸ್ತೆ ಕಡೆಯ ಒಂದು ಅಂಗಡಿಗೆ ಲ್ಯಾಪ್‌ಟಾಪ್ ಸಮೇತ ಹೋದೆ. ಅಂಗಡಿಯ ಹುಡುಗ ಮೊದಲು ಒಂದು 4ಕೆ ಹಾಕಿದ. ಅಕ್ಷರ ಅಚ್ಚು ಹಾಕಿದ ಹಾಗೆ ಬಂತು, ಮನಸ್ಸು ಅಲ್ಲೇ ನಿಂತಿತು. ಆದರೆ ಮೌಸಿನ ಬಾಣ ಬಿಟ್ಟು ಬಿಟ್ಟು ಓಡುತ್ತಿತ್ತು. ಡಿಸ್‌ಪ್ಲೇ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟದಲ್ಲಿ 30 ಹರ್ಟ್ಜ್ (ಸೆಕೆಂಡಿಗೆ 30 ಸಲ) ಬಿಟ್ಟು ಬೇರೆ ಆಯ್ಕೆ ಇರಲಿಲ್ಲ. ದಿನವಿಡೀ ಮೌಸ್ ಹಿಡಿದು ಅಕ್ಷರ ಸರಿಸುವ ಕೆಲಸಕ್ಕೆ ಅದು ಹೊಂದುವುದಿಲ್ಲ. ಮುಂದೆ ಲ್ಯಾಪ್‌ಟಾಪ್ ಬದಲಿಸುವವರಾದರೆ 4ಕೆ ತಗೊಳ್ಳಿ ಅಂತಲೇ ನಾನು ಹೇಳುತ್ತೇನೆ.

ಆಮೇಲೆ ಕ್ಯೂಎಚ್‌ಡಿ ಐಪಿಎಸ್, ಇದು ಪ್ಯಾನೆಲ್ಲಿನ ಇನ್ನೊಂದು ಬಗೆ. 12 ಪಾಯಿಂಟಿನಲ್ಲಿ ಎಲ್ಲ ಜೋಡಿಗಳೂ ಬಿಡಿಬಿಡಿ. 10ರಲ್ಲಿ "ಸ್ವಾತಂತ್ರ್ಯ"ದ ಕೆಳಗಿನ ಒತ್ತು ಸ್ವಲ್ಪ ಒದ್ದಾಡಿತು. 9ರಲ್ಲಿ ಹಿಗ್ಗಿಸದೆ ಆಗುವುದಿಲ್ಲ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದೆ. ಬೂದು ಪಟ್ಟಿಗಳು ಹಾಗೇ ಉಳಿದವು, ಪಕ್ಕದ ಮನೆಯ ವಿಎಯಲ್ಲಿ ಹೀಗೆ ನೋಡಿದಾಗ ಬಣ್ಣ ಬದಲಾಗಿತ್ತು. ಹುಡುಗನೂ ಬಗ್ಗಿ ಓದತೊಡಗಿದ. "ಸರ್, ಈ ಫೈಲ್ ನಂಗೊಂದು ಕೊಡ್ರಿ, ಪ್ರೆಸ್‌ನೋರು ಬಂದ್ರೆ ತೋರಿಸ್ತೀನಿ" ಅಂದ. ಕಾಪಿ ಮಾಡಿಕೊಟ್ಟೆ.

7. ಖರೀದಿ

ಅದೇ ಮಾದರಿ ಆನ್‌ಲೈನಿನಲ್ಲಿ 16,400 ರೂಪಾಯಿ. ಅಂಗಡಿಯಲ್ಲಿ 17,200ಕ್ಕೆ ಬಂದು ನಿಂತಿತು. ಅಂಗಡಿಯಲ್ಲೇ ತಗೊಂಡೆ. ನನ್ನ ಮನೆಗೆ ಬರುವ ಪೆಟ್ಟಿಗೆಯನ್ನೇ ನನ್ನೆದುರು ಒಡೆದು, ಐದೂ ಬಣ್ಣದ ಚಿತ್ರ ಹಾಕಿ ಚುಕ್ಕೆ ನೋಡಿದೆವು. 800 ರೂಪಾಯಿಗೆ ಈ ಅನುಕೂಲ ಕಡಿಮೆಯೇನಲ್ಲ.

ದುಡ್ಡು ಕೊಡುವ ಮೊದಲು ಕೇಳಿದ್ದು ಮೂರು ವಿಷಯ. ಕೆಟ್ಟರೆ ಇಲ್ಲೇ ಬಂದು ನೋಡುತ್ತಾರಾ, ಇಲ್ಲ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾ. ಕಾಲು ಮೇಲೆ ಕೆಳಗೆ ಆಗುತ್ತಾ. ಕರೆಂಟಿನ ಅಡಾಪ್ಟರ್ ಹೊರಗಿದೆಯಾ ಒಳಗಾ. ಹೊರಗಿದ್ದರೆ ಕೆಟ್ಟಾಗ ಅದನ್ನಷ್ಟೇ ಬದಲಿಸಬಹುದು, ಮಾನಿಟರ್ ಬಿಚ್ಚುವ ಕೆಲಸ ಇಲ್ಲ. ನನ್ನದು ಹೊರಗಿನ ಅಡಾಪ್ಟರಿನದು, 3 ವರ್ಷ ವಾರಂಟಿ, ಎತ್ತರ ಬದಲಿಸುವ ಕಾಲು. ಹಿಂದೆ 100 × 100 ಮಿಲಿಮೀಟರಿನ ವೆಸಾ ತೂತುಗಳೂ ಇವೆ, ಮುಂದೆ ಕಾಲಿನ ಬದಲು ಮಾನಿಟರ್ ಹಿಡಿಯುವ ತೋಳು ಹಾಕಬೇಕೆನಿಸಿದರೆ ಇರಲಿ ಅಂತ.

ಖರ್ಚು: ಮಾನಿಟರ್ 17,200. ಎರಡು ಮೀಟರಿನ ಎಚ್‌ಡಿಎಂಐ ಕೇಬಲ್ 450, ಪೆಟ್ಟಿಗೆಯಲ್ಲಿ ಬಂದದ್ದು ಗಿಡ್ಡ. ಸ್ಪೈಕ್ ಗಾರ್ಡ್ 700. ಲ್ಯಾಪ್‌ಟಾಪ್ ಎತ್ತರಿಸಲು ಬಡಗಿಯಿಂದ ಮಾಡಿಸಿದ ಹಲಗೆಯ ಪೀಠ 350. ಒಟ್ಟು 18,700. ಕೀಬೋರ್ಡ್, ಮೌಸ್ ಮೊದಲೇ ಇದ್ದವು.

8. ಜೋಡಿಸಿದ ಮೇಲೆ

ಮನೆಯಲ್ಲಿ ಹಾಕಿದ ಕೂಡಲೇ ನಿರಾಸೆ. ಕಪ್ಪು ಅಕ್ಷರ ಕಪ್ಪಾಗಿಲ್ಲ, ಬೂದಿ ಮೆತ್ತಿದ ಹಾಗೆ. ಪ್ಯಾನೆಲ್ಲೇ ಕೆಟ್ಟದ್ದಾ ಅಂತ ಭಯವಾಯಿತು. ಕಾರಣ ಬೇರೆ. ಎಚ್‌ಡಿಎಂಐನಲ್ಲಿ ಕೆಲವು ಸಲ ಲ್ಯಾಪ್‌ಟಾಪು ಎದುರಿಗಿರುವುದು ಟಿವಿ ಅಂದುಕೊಂಡು ಬಣ್ಣವನ್ನು 0ಯಿಂದ 255ರ ಬದಲು 16ರಿಂದ 235ರ ಒಳಗೆ ಕಳಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬಿಳಿ ಮಂಕಾಗುತ್ತದೆ. ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರಿನ ಡಿಸ್‌ಪ್ಲೇ ವಿಭಾಗದಲ್ಲಿ ಕ್ವಾಂಟೈಸೇಶನ್ ರೇಂಜ್ ಅಂತ ಇದೆ. ಅದನ್ನು ಫುಲ್ ಮಾಡಿದೆ. ಒಂದೇ ಕ್ಷಣಕ್ಕೆ ಅಕ್ಷರ ಎದ್ದು ಬಂತು. ಹೊಸ ಮಾನಿಟರ್ ಮಂಕಾಗಿದೆ ಅಂತ ವಾಪಸ್ ಕೊಡುವ ಮೊದಲು ಇದೊಂದನ್ನು ದಯವಿಟ್ಟು ನೋಡಿ.

ಮುಂದಿನದು ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್. ನುಡಿ ಫಾಂಟಿನ ಹಳೇ ಕಡತಗಳು ನನ್ನ ಹತ್ತಿರ ರಾಶಿ ಇವೆ, ಅವಕ್ಕೆ ಪೇಜ್‌ಮೇಕರ್ 7 ಇನ್ನೂ ಬೇಕು. ಅದು 2001ರ ತಂತ್ರಾಂಶ, ಇಂಥ ಪರದೆಗಳು ಬರುವ ಮೊದಲಿನದು. ವಿಂಡೋಸ್ ಅಳತೆ 125 ಪ್ರತಿಶತ ಇಟ್ಟರೆ ಅದರ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ, ಅಕ್ಷರ ಕಲಸಿಹೋಗುತ್ತದೆ. ಪರಿಹಾರ: ಪೇಜ್‌ಮೇಕರಿನ ಗುರುತಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್, ಓವರ್‌ರೈಡ್‌ಗೆ ಟಿಕ್ ಹಾಕಿ ಅಪ್ಲಿಕೇಶನ್ ಅಂತ ಆರಿಸುವುದು. ಬಟನ್ನುಗಳು ಚಿಕ್ಕವಾದವು, ಅಕ್ಷರ ಚೂಪಾಯಿತು. ನನಗೆ ಅಕ್ಷರ ಮುಖ್ಯ.

ಪುಟದ ಅಳತೆಯನ್ನೂ ಹೊಂದಿಸಬೇಕಾಯಿತು. ಹಳೆಯ ತಂತ್ರಾಂಶ ಇಂಚಿಗೆ 96 ಚುಕ್ಕೆ ಅಂತ ನಂಬಿರುತ್ತದೆ, ಈ ಪರದೆಯಲ್ಲಿ 109 ಇದೆ. ಹಾಗಾಗಿ 100 ಪ್ರತಿಶತ ಅಂದರೂ ಪುಟ ಚಿಕ್ಕದಾಗಿ ಕಾಣುತ್ತದೆ. ಎ4 ಹಾಳೆಯನ್ನು ಪರದೆಗೆ ಹಿಡಿದು ಝೂಮ್ ಏರಿಸುತ್ತಾ ಹೋದೆ. 113ರಲ್ಲಿ ಹಾಳೆಯ ಅಂಚು, ಪುಟದ ಅಂಚು ಕೂಡಿದವು. ಈಗ ಅದೇ ನನ್ನ ನಿಜವಾದ ಅಳತೆ.

ಪರದೆಯ ಅಕ್ಷರವನ್ನು ಚೂಪಾಗಿ ಕಾಣಿಸುವ ಕ್ಲಿಯರ್‌ಟೈಪ್ ಹೊಂದಿಸುವ ಕಿಟಕಿ ವಿಂಡೋಸ್‌ನಲ್ಲೇ ಇದೆ, ಎರಡೂ ಪರದೆಗೆ ಬೇರೆ ಬೇರೆಯಾಗಿ ಮಾಡಿದೆ. ಮಾನಿಟರಿನ ಶಾರ್ಪ್‌ನೆಸ್ ಏರಿಸಬೇಡಿ. ಏರಿಸಿದರೆ ಅಕ್ಷರದ ಸುತ್ತ ಬಿಳಿ ಅಂಚು ಬಂದು ಒತ್ತು ಇನ್ನೂ ಹಾಳಾಗುತ್ತದೆ.

ಬೆಳಕು: ಪೆಟ್ಟಿಗೆಯಿಂದ ಬಂದಾಗ ಕಣ್ಣು ಕುಕ್ಕುವಷ್ಟಿತ್ತು. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಥರ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿದೆ. ಹಗಲಿಗೆ 40, ರಾತ್ರಿ ಟ್ಯೂಬ್‌ಲೈಟಿನಲ್ಲಿ 25ರ ಹತ್ತಿರ ನಿಂತಿತು.

9. ಎತ್ತರ, ಕಿಟಕಿ, ಕರೆಂಟು

ಮೇಲಂಚು ಕಣ್ಣಿನ ಮಟ್ಟಕ್ಕೆ, ಅಂದರೆ ಮೇಜಿನಿಂದ 45 ಸೆಂಟಿಮೀಟರಿಗೆ ಬರುವಂತೆ ಕಾಲು ಹೊಂದಿಸಿದೆ. ಕನ್ನಡಕದ ಕೆಳಭಾಗದಿಂದ ಓದುವವರು ಇನ್ನೂ ಸ್ವಲ್ಪ ಇಳಿಸಿಕೊಳ್ಳಬೇಕು. ಮೊದಲು ಬೆನ್ನ ಹಿಂದೆ ಕಿಟಕಿ ಇತ್ತು, ಮಧ್ಯಾಹ್ನ ಪರದೆಯಲ್ಲಿ ಕಿಟಕಿಯೇ ಕಾಣುತ್ತಿತ್ತು. ಮೇಜು ತಿರುಗಿಸಿ ಕಿಟಕಿ ಎಡಕ್ಕೆ ಬರುವಂತೆ ಮಾಡಿದ ಮೇಲೆ ಸರಿಯಾಯಿತು.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಮಾನಿಟರ್ ಆರಿಹೋಗುತ್ತದೆ, ತೆರೆದಿಟ್ಟ ತಂತ್ರಾಂಶಗಳ ಕಿಟಕಿಗಳೆಲ್ಲ ಚಿಕ್ಕ ಪರದೆಗೆ ಬಂದು ಗುಡ್ಡೆ ಬೀಳುತ್ತವೆ. ಇನ್ವರ್ಟರಿನ ಲೈನಿಗೆ ಹಾಕಿಸಿದೆ. ಇಷ್ಟು ಗಾತ್ರದ ಮಾನಿಟರ್ ಎಳೆಯುವುದು ಕಡಿಮೆ, ಇನ್ವರ್ಟರಿಗೆ ಭಾರವಲ್ಲ. ಬೇಸಿಗೆಯಲ್ಲಿ ಧೂಳು ಜಾಸ್ತಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುತ್ತೇನೆ, ಗಾಜಿಗೆ ಹೊಡೆಯುವ ಸ್ಪ್ರೇ ಮುಟ್ಟಿಸುವುದಿಲ್ಲ.

10. ಉದ್ದುದ್ದ ನಿಲ್ಲಿಸಿ ನೋಡಿದ್ದು, ಮತ್ತು ಬಾಕಿ ಇರುವುದು

ಈ ಕಾಲಿನಲ್ಲಿ ಪರದೆಯನ್ನು ಉದ್ದುದ್ದ ತಿರುಗಿಸಬಹುದು. ಆಗ ಎತ್ತರ 59.8 ಸೆಂಟಿಮೀಟರ್. ಒಂದರ ಕೆಳಗೊಂದು ಎರಡು ಎ4 ಪುಟ ಸರಿಯಾಗಿ ಹಿಡಿಯುತ್ತದೆ. ಕರಡು ತಿದ್ದಲು ಇದೇ ಬೇಕಿತ್ತು ಅನ್ನಿಸಿತು. ಆದರೆ ಅಕ್ಷರದ ಅಂಚಿಗೆ ಕೆಂಪು, ನೀಲಿ ಛಾಯೆ ಬಂತು. ಪ್ರತಿ ಚುಕ್ಕೆಯೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ಇರುತ್ತವೆ ಅಂತ ಎಣಿಸಿ ಕ್ಲಿಯರ್‌ಟೈಪ್ ಕೆಲಸ ಮಾಡುತ್ತದೆ. ಪರದೆ ತಿರುಗಿಸಿದರೆ ಅವು ಒಂದರ ಮೇಲೊಂದು ಆಗುತ್ತವೆ. ಕ್ಲಿಯರ್‌ಟೈಪ್ ಆಫ್ ಮಾಡಿದರೆ ಛಾಯೆ ಹೋಗುತ್ತದೆ, ಜೊತೆಗೆ ಚೂಪೂ ಸ್ವಲ್ಪ ಹೋಗುತ್ತದೆ. ಮೇಲಿನ ಪುಟ ಓದಲು ಕತ್ತು ಎತ್ತಬೇಕಾಗುವುದು ಬೇರೆ. ವಾಪಸ್ ಅಡ್ಡ ಮಾಡಿದೆ. 9, 10 ಪಾಯಿಂಟಿನ ಅಡಿಟಿಪ್ಪಣಿಗಳ ಕೊನೆಯ ಕರಡನ್ನು 150 ಪ್ರತಿಶತಕ್ಕೆ ಹಿಗ್ಗಿಸಿ ಓದುತ್ತೇನೆ.

ಬಾಕಿ ಇರುವುದು ಬಣ್ಣ. ಲಗ್ನಪತ್ರಿಕೆಯ ಕುಂಕುಮ ಕೆಂಪು ಪರದೆಯಲ್ಲಿ ಬೆಳಕಾಗಿ ಹೊಳೆಯುತ್ತದೆ, ಆಫ್‌ಸೆಟ್ ಮುದ್ರಣದಲ್ಲಿ ಮೆಜೆಂಟಾ, ಹಳದಿ ಶಾಯಿ ಸೇರಿ ಬರುವ ಕೆಂಪು ಅದಕ್ಕಿಂತ ಮಂದ. ನಾಲ್ಕು ಬಣ್ಣದ ಒಂದು ಪಟ್ಟಿಯನ್ನು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಪರದೆಯ ಪಕ್ಕ ಇಟ್ಟು ಮಾನಿಟರಿನ ಕೆಂಪು, ಹಸಿರು, ನೀಲಿ ಹೊಂದಿಸುವ ಕೆಲಸ ಹಿಡಿದಿದ್ದೇನೆ. ಅದು ಆಗುವವರೆಗೆ ಬಣ್ಣದ ಕೆಲಸಕ್ಕೆ ಅಚ್ಚಿನ ಪ್ರತಿ ನೋಡದೆ ಒಪ್ಪಿಗೆ ಕೊಡುತ್ತಿಲ್ಲ.